ಮೂರು ಮೂಲೆಯ ಮುಖ

ಕುರ್ಚಿ ತಯಾರಿಸುವ ನಮ್ಮ ಕಾರ್ಖಾನೆಯ ಊಟದ ಕೋಣೆಯಿಂದ ಬೆಂಚುಗಳನ್ನೆಲ್ಲ ತೆಗೆದು ಗೋದಾಮಿಗೆ ಹಾಕಿದರು. ಕೂತು ಉಂಡರೆ ಜನ ಮಾತಿಗೆ ಬೀಳುತ್ತಾರೆ, ನಿಂತು ಉಂಡರೆ ಬೇಗ ಮುಗಿಸುತ್ತಾರೆ ಎಂದು ಮ್ಯಾನೇಜರು ಸೂಚನಾ ಫಲಕದಲ್ಲಿ ಹಾಕಿಸಿದರು. ಮಾರನೆಯ ದಿನದಿಂದ ಎಲ್ಲರೂ ಎಡಗೈಯಲ್ಲಿ ಡಬ್ಬಿ ಹಿಡಿದು, ಗೋಡೆಗೆ ಒರಗಿ ನಿಂತು ಉಂಡರು.

ಕೂತಣ್ಣನೂ ನಿಂತೇ ಉಂಡ. ಆದರೆ ಅವನು ಮೊದಲಿನಿಂದಲೂ ನಿಂತೇ ಉಣ್ಣುತ್ತಿದ್ದವನು. ಏಕೆಂದರೆ ಕೂರುವುದು ಅವನ ಉದ್ಯೋಗ. ತಯಾರಾಗಿ ಬಂದ ಪ್ರತಿಯೊಂದು ಕುರ್ಚಿಯ ಮೇಲೂ ಕೂತು, ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಹಿಂದಕ್ಕೆ ಒರಗಿ, ನಾಲ್ಕು ಕಾಲೂ ನೆಲಕ್ಕೆ ತಾಗಿವೆಯೇ ಇಲ್ಲವೇ ಎಂಬುದನ್ನು ಕಣ್ಣುಮುಚ್ಚಿ ತಿಳಿದುಕೊಂಡು, "ಸರಿ!" ಎಂದೋ "ಅಲುಗಾಟ!" ಎಂದೋ ಕೂಗಬೇಕು. ಹೀಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತೂ ಕೂತೂ ಅವನಿಗೆ ಊಟದ ಹೊತ್ತಿನಲ್ಲಾದರೂ ನಿಲ್ಲೋಣ ಅನಿಸುತ್ತಿತ್ತು. ಇಡೀ ಕಾರ್ಖಾನೆಯಲ್ಲಿ ಕೂತು ಸಂಬಳ ತೆಗೆದುಕೊಳ್ಳುವವರು ಇಬ್ಬರೇ: ಒಬ್ಬರು ಮ್ಯಾನೇಜರು, ಇನ್ನೊಬ್ಬ ಕೂತಣ್ಣ. ಇಬ್ಬರ ಪೈಕಿ ಕೂತಣ್ಣನ ಕೆಲಸ ಏನೆಂಬುದು ಎಲ್ಲರಿಗೂ ಗೊತ್ತಿತ್ತು.

ಆದ್ದರಿಂದ ಬೆಂಚುಗಳು ಹೋದದ್ದು ಅವನ ಗಮನಕ್ಕೇ ಬರಲಿಲ್ಲ. ಸುತ್ತ ಜನ ಹಲ್ಲು ಕಡಿಯುತ್ತಿದ್ದರೆ ಅವನು, ಇವತ್ತು ಎಲ್ಲರಿಗೂ ನಿಲ್ಲುವ ಮನಸ್ಸಾಗಿದೆಯಲ್ಲ, ಒಳ್ಳೆಯದೇ, ಅಂದುಕೊಂಡ. ಅವನ ತಲೆಯಲ್ಲಿ ಆ ವಾರ ಬೇರೆಯೇ ಒಂದು ಹುಳ ಕೊರೆಯುತ್ತಿತ್ತು. ಬಾಸ್ ಗಿಟಾರಿಗೆ ಎಂಥ ಪಿಕ್ ಹಿಡಿಯಬೇಕು?

ಗೊತ್ತಿಲ್ಲದವರಿಗಾಗಿ ಹೇಳಬೇಕು. ಬಾಸ್ ಎಂದರೆ ಗಿಟಾರಿನ ದೊಡ್ಡಪ್ಪ. ಉದ್ದ ಕುತ್ತಿಗೆ, ನಾಲ್ಕೇ ತಂತಿ, ಒಂದೊಂದೂ ಬಟ್ಟೆ ಒಣಹಾಕುವ ತಂತಿಯಷ್ಟು ದಪ್ಪ. ಅದರ ದನಿ ಎಲ್ಲ ವಾದ್ಯಗಳ ಕೆಳಗೆ ಇರುತ್ತದೆ. ಇದ್ದಾಗ ಯಾರಿಗೂ ಕೇಳಿಸುವುದಿಲ್ಲ, ನಿಂತುಹೋದರೆ ಮಾತ್ರ ಹಾಡು ಪಾಯ ಕಳಚಿದ ಮನೆಯಂತೆ ಕುಸಿಯುತ್ತದೆ. ಇನ್ನು ಪಿಕ್ ಎಂದರೆ ತಂತಿ ಮೀಟಲು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿಯುವ ಮೂರು ಮೂಲೆಯ ಪ್ಲಾಸ್ಟಿಕ್ ಚೂರು. ಇಷ್ಟೇ. ಇದರಿಂದ ಏನು ಅನಾಹುತ ಆದೀತು ಎಂದು ನೀವು ಕೇಳಬಹುದು. ಕೂತಣ್ಣ ಕೂಡ ಹಾಗೇ ಅಂದುಕೊಂಡಿದ್ದ.

ನಮ್ಮ ಕಾರ್ಖಾನೆಗೆ ಒಂದು ವಾದ್ಯತಂಡ ಇದೆ. ಕುರ್ಚಿಗಳಿಗೆ ಬಣ್ಣ ಹೊಡೆಯುವ ಪೇಂಟರು ಅದರ ನಾಯಕ, ಗಿಟಾರೂ ಅವನದೇ, ಹಾಡೂ ಅವನದೇ. ಮರ ಕೊಯ್ಯುವವನೊಬ್ಬ ಡ್ರಮ್ಮು. ಪ್ಯಾಕಿಂಗಿನವನೊಬ್ಬ ಕೀಬೋರ್ಡು. ಬಾಸ್ ಕೂತಣ್ಣನದು. ಮನೆಯಲ್ಲಿ ಅವನು ಇದನ್ನು ಸ್ವಲ್ಪ ಬೇರೆ ಥರ ಹೇಳಿಕೊಂಡಿದ್ದ.

"ನಾನು ಒಂದು ಬೆರಳು ಎತ್ತಿದ್ರೆ ಇಡೀ ತಂಡ ನೆಲಕ್ಕೆ," ಎಂದು ಅತ್ತೆಯ ಮುಂದೆ ಹೇಳಿದ್ದ. ಅತ್ತೆ ಮಗನ ಸಮೇತ ಮಗಳ ಮನೆಗೆ ವಾರದ ಮಟ್ಟಿಗೆಂದು ಬಂದು ವರ್ಷವಾಗಿತ್ತು. ಆಕೆಗೆ ಅಳಿಯನ ಮಾತಿನಲ್ಲಿ ನಂಬಿಕೆ ಇರಲಿಲ್ಲ, ಆದರೆ ಕುತೂಹಲ ಇತ್ತು. ಡ್ರಮ್ಮಿನವನ ತಂಗಿಯ ಮದುವೆಯಲ್ಲಿ ತಂಡ ಬಾರಿಸಿದಾಗ ಮಗಳನ್ನೂ ಮಗನನ್ನೂ ಎಬ್ಬಿಸಿಕೊಂಡು ಹೋಗಿ ಎರಡನೇ ಸಾಲಿನಲ್ಲೇ ಕೂತರು. ಮುಗಿದ ಮೇಲೆ ನೇರ ವೇದಿಕೆಯ ಹತ್ತಿರ ಬಂದರು.

"ಅಳಿಯಂದ್ರೇ, ಆ ಹಲಗೆ ಯಾರದು?"

"ಯಾವ ಹಲಗೆ ಅತ್ತೆ?"

"ಅದೇ, ಕೊರಳಿಗೆ ಹಾಕ್ಕೊಂಡಿದ್ರಲ್ಲ. ಅದರ ಯಜಮಾನ ಬರೋವರೆಗೂ ಪಾಪ ನೀವೇ ಹಿಡ್ಕೊಂಡು ನಿಂತಿದ್ರಿ."

"ಅಮ್ಮಾ, ಭಾವ ಅದನ್ನ ಬಾರಿಸ್ತಾ ಇದ್ರು," ಎಂದ ಭಾಮೈದ.

"ಹೌದಾ? ಮತ್ತೆ ನಂಗ್ಯಾಕೆ ಕೇಳಿಸ್ಲಿಲ್ಲ? ಡ್ರಮ್ಮು ಕೇಳಿಸ್ತು. ಹಿಂದುಗಡೆ ಯಾರೋ ಚಮಚ ಬೀಳಿಸಿದ್ದು ಕೇಳಿಸ್ತು."

ಹೆಂಡತಿ ಸಮಾಧಾನ ಮಾಡಲು ನೋಡಿದಳು. "ರೀ, ಬೇಜಾರು ಮಾಡ್ಕೋಬೇಡಿ. ನೀವು ನಿಂತಿದ್ದು ಮಾತ್ರ ಎಲ್ಲರಿಗೂ ಚೆನ್ನಾಗಿ ಕಾಣಿಸ್ತು."

ಒಬ್ಬ ಗಂಡಸನ್ನು ಇದಕ್ಕಿಂತ ಮೃದುವಾಗಿ ಯಾರೂ ಕೊಂದಿರಲಾರರು.

ಮರುದಿನ ಪೇಂಟರು ಕೂತಣ್ಣನ ಸಂಕಟ ಕೇಳಿ ಒಂದೇ ಮಾತಿನಲ್ಲಿ ರೋಗ ಹೇಳಿದ. "ನೀನು ಬೆರಳಲ್ಲಿ ಬಾರಿಸ್ತೀಯ, ಬೆಣ್ಣೆ ಸವರಿದ ಹಾಗೆ. ತಂತಿಗೆ ಪೆಟ್ಟು ಬೀಳ್ಬೇಕು. ಒಂದು ಪಿಕ್ ತಗೋ. ಮುಂದಿನ ವಾರ ವಾರ್ಷಿಕೋತ್ಸವ, ಮಾಲೀಕರು ಬರ್ತಾರೆ. ಅವತ್ತೂ ಕೇಳಿಸ್ಲಿಲ್ಲ ಅಂದ್ರೆ ನಿನ್ನ ಜಾಗಕ್ಕೆ ನಿಜವಾಗ್ಲೂ ಒಂದು ಹಲಗೆ ನಿಲ್ಲಿಸ್ತೀನಿ."

ವಾರ್ಷಿಕೋತ್ಸವಕ್ಕೆ ಮನೆಯವರೂ ಬರುತ್ತಾರೆ. ಅತ್ತೆಯೂ ಬರುತ್ತಾರೆ. ಕೂತಣ್ಣ ಅಂದೇ ಸಂಜೆ ವಾದ್ಯಗಳ ಅಂಗಡಿಗೆ ಓಡಿದ.

ಅಂಗಡಿಯವರು ಗಾಜಿನ ಮೇಜಿನ ಕೆಳಗಿನ ಸಣ್ಣ ಡ್ರಾಯರ್ ಎಳೆದರು. ಕೆಂಪು, ಹಸಿರು, ಹಳದಿ, ಆಮೆ ಬೆನ್ನಿನ ಬಣ್ಣದ್ದು, ಮಿಂಚುವುದು, ಮಿಂಚದ್ದು. ಕೂತಣ್ಣನಿಗೆ ಮಿಠಾಯಿ ಅಂಗಡಿಯ ಮುಂದೆ ನಿಂತಂತಾಯಿತು.

"ತೆಳ್ಳಗಿರೋದಾ, ಮಧ್ಯಮಾನಾ, ದಪ್ಪಾನಾ?"

"ಬಾಸಿಗೆ."

ಅಂಗಡಿಯಲ್ಲಿ ಗಾಳಿ ನಿಂತಿತು. ಮೂಲೆಯಲ್ಲಿ ಒಂದು ಬಾಸನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಜುಟ್ಟಿನವನೊಬ್ಬ ತಲೆಯೆತ್ತಿದ.

"ಬಾಸಿಗೆ ಪಿಕ್ಕಾ? ಬಾಸಿಗೆ ಬೆರಳು ಸಾರ್. ಪಿಕ್ ಹಿಡಿದವನು ಬಾಸ್ ಬಾರಿಸೋನೇ ಅಲ್ಲ."

"ಯಾರ್ರೀ ಹೇಳಿದ್ದು?" ಬಾಗಿಲ ಹತ್ತಿರ ತಂತಿ ಕೊಳ್ಳುತ್ತಿದ್ದ ಟೋಪಿಯವನು ತಿರುಗಿ ನಿಂತ. "ಬೆರಳಲ್ಲಿ ಬಾರಿಸೋರು ಬಾರಿಸ್ತಾರೋ ಕೆರಕೊಳ್ತಾರೋ ಅಂತಾನೇ ಗೊತ್ತಾಗಲ್ಲ."

"ಬಾಯಿ ಬಿಗಿ ಹಿಡಿದು ಮಾತಾಡಿ."

"ನೀವು ಮೊದಲು ಉಗುರು ಕತ್ತರಿಸ್ಕೊಳ್ಳಿ."

ಎಲ್ಲಿ ಇಬ್ಬರು ಸೇರುತ್ತಾರೋ ಅಲ್ಲಿ ಒಬ್ಬ ಮೇಲು, ಒಬ್ಬ ಕೀಳು ಆಗಲೇಬೇಕು ಎಂಬ ಮನುಷ್ಯರ ಹಟ ದೊಡ್ಡದು. ಅರಮನೆಯಲ್ಲಿ ಅದಕ್ಕೆ ಸಿಂಹಾಸನ ಬೇಕು, ಕಚೇರಿಯಲ್ಲಿ ತಿರುಗುವ ಕುರ್ಚಿ ಬೇಕು. ಗಿಟಾರಿನ ಅಂಗಡಿಯಲ್ಲಿ ಬರೀ ಬೆರಳು ಸಾಕು. ಅವರಿಬ್ಬರೂ ಕೊರಳ ಪಟ್ಟಿ ಹಿಡಿಯುವ ಹಂತಕ್ಕೆ ಬಂದರೂ ಕೂತಣ್ಣನಿಗೆ ಪರಿವೆ ಇರಲಿಲ್ಲ. ಅವನು ಒಂದೊಂದೇ ಪಿಕ್ಕನ್ನು ಗಾಜಿನ ಮೇಲಿಟ್ಟು ಮೂರು ಮೂಲೆಗಳನ್ನೂ ಬೆರಳಿನಿಂದ ಒತ್ತಿ ನೋಡುತ್ತಿದ್ದ.

"ಏನ್ರೀ ಮಾಡ್ತಿದ್ದೀರಿ?" ಎಂದರು ಅಂಗಡಿಯವರು.

"ಅಲುಗಾಟ ನೋಡ್ತಿದ್ದೀನಿ."

"ಅದರ ಮೇಲೆ ಕೂರ್ತೀರಾ ಏನು?"

ಕೂರಲು ಆಗುವಂತಿದ್ದರೆ ಅವನು ಕೂತೇ ನೋಡುತ್ತಿದ್ದ. ಅಂಗಡಿಯ ಬಾಸ್ ಮೇಲೆ ಬಾರಿಸಿ ನೋಡಿದ. ತೆಳುವಾದದ್ದು ಕಾಗದದಂತೆ ಬಾಗಿ ಟಿಕ್ ಟಿಕ್ ಎಂದಿತು, ಗಡಿಯಾರ ಕೊಂಡಂತೆ. ದಪ್ಪನೆಯದು ಒಳ್ಳೆಯ ಪೆಟ್ಟು ಕೊಟ್ಟಿತು, ಆದರೆ ಎರಡನೇ ಪೆಟ್ಟಿಗೆ ಬೆರಳಿನಿಂದ ಹಾರಿ ಜುಟ್ಟಿನವನ ಜುಟ್ಟಿನಲ್ಲಿ ಸಿಕ್ಕಿಕೊಂಡಿತು. ಉಣ್ಣೆಯದು ಅಂತ ಒಂದಿತ್ತು, ಅದು ದಿಂಬಿಗೆ ಗುದ್ದಿದ ಸದ್ದು ಮಾಡಿತು. ಒಂದು ಹೆಚ್ಚು ಮೆದು, ಇನ್ನೊಂದು ಹೆಚ್ಚು ಗಡಸು, ಮಧ್ಯದ್ದು ಅತ್ತಲೂ ಅಲ್ಲ ಇತ್ತಲೂ ಅಲ್ಲ. ಕೊನೆಗೆ ಅಂಗಡಿಯವರು ಅರ್ಧ ಶಟರ್ ಎಳೆದು, "ಸ್ವಾಮಿ, ಹೆಣ್ಣು ನೋಡೋಕೆ ಹೋದಾಗ್ಲೂ ಇಷ್ಟು ಹೊತ್ತು ಮಾಡಿದ್ರಾ?" ಎಂದು ಕೇಳಿದ ಮೇಲೆ, ಯಾವುದೂ ತೀರ್ಮಾನ ಆಗದೆ ತೆಳುವಾದದ್ದು, ದಪ್ಪನೆಯದು, ಉಣ್ಣೆಯದು ಮೂರನ್ನೂ ತೆಗೆದುಕೊಂಡು ಬಗ್ಗಿ ಹೊರಗೆ ಬಂದ.

ಮನೆಯಲ್ಲಿ ಆ ಮೂರರ ಆಯುಸ್ಸು ದೊಡ್ಡದಾಗಲಿಲ್ಲ.

ತೆಳುವಾದದ್ದನ್ನು ಹೆಂಡತಿ ಉಪ್ಪಿನಕಾಯಿ ಬಾಟಲಿಯ ಮೇಲಿನ ಅಂಟು ಚೀಟಿ ಕೆರೆಯಲು ತೆಗೆದುಕೊಂಡಳು. "ರೀ, ಇಷ್ಟು ದಿನಕ್ಕೆ ಒಂದು ಉಪಯೋಗಕ್ಕೆ ಬರೋ ವಸ್ತು ತಂದಿದ್ದೀರಿ," ಎಂದು ಮೆಚ್ಚಿ, ತೂತು ಮಾಡಿ ಅಡುಗೆಮನೆಯ ಮೊಳೆಗೆ ತೂಗುಹಾಕಿದಳು. ಉಣ್ಣೆಯದರಲ್ಲಿ ಭಾಮೈದ ಕನ್ನಡಕ ಒರೆಸಿಕೊಂಡ. ಆಮೇಲೆ ಅದು ಅವನ ಜೊತೆಗೇ ಊರು ಸುತ್ತಲು ಹೋಯಿತು. ಉಳಿದದ್ದು ದಪ್ಪನೆಯದು. ಸಂಜೆ ಬಂದು ನೋಡಿದರೆ ಅದೂ ಇಲ್ಲ.

"ಅತ್ತೆ, ಮೇಜಿನ ಮೇಲೊಂದು ಕಪ್ಪು ಚೂರಿತ್ತಲ್ಲ?"

"ಈಗ್ಲೂ ಮೇಜಿನ ಹತ್ರಾನೇ ಇದೆ," ಎಂದರು ಅತ್ತೆ ಹೆಮ್ಮೆಯಿಂದ. "ಕಾಲಿನ ಕೆಳಗೆ. ಲೋಕದ ಕುರ್ಚಿಗಳನ್ನೆಲ್ಲ ಸರಿ ಮಾಡ್ತೀರಿ, ಮನೆ ಮೇಜು ಮಾತ್ರ ಕುಡಿದವನ ಥರ ಓಲಾಡ್ತಿತ್ತು. ಈಗ ನೋಡಿ."

ಕೂತಣ್ಣ ಮೇಜಿನ ಮೇಲೆ ಕೈಯೂರಿ ಎಡಕ್ಕೆ ಒತ್ತಿದ, ಬಲಕ್ಕೆ ಒತ್ತಿದ. ಕಲ್ಲಿನಂತೆ ನಿಂತಿತ್ತು. ಹೂಂ, ಸರಿ! ಇನ್ನು ಆ ಪಿಕ್ಕನ್ನು ಎಳೆದುಕೊಳ್ಳುವುದೆಂದರೆ ತನ್ನ ಕೈಯಾರೆ ಒಂದು ಅಲುಗಾಟವನ್ನು ಹುಟ್ಟಿಸಿದಂತೆ. ವೃತ್ತಿಧರ್ಮ ಅವನನ್ನು ತಡೆಯಿತು. ಜಗತ್ತಿನ ದೊಡ್ಡ ದೊಡ್ಡವರಿಗೆ ಇಲ್ಲದ ಈ ಸಂಕೋಚ ಅವನಿಗೊಬ್ಬನಿಗೆ ಯಾಕೆ ಬೇಕಿತ್ತೋ.

ಆಮೇಲೆ ಶುರುವಾಯಿತು ಬೇಟೆ. ಬಾಚಣಿಗೆಯ ತುದಿ ಮುರಿದು ಬಾರಿಸಿದ, ಹಲ್ಲು ಉದುರಿದವು. ಕೋಟಿನ ಗುಂಡಿ ಬಾರಿಸಿದ, ಜಾರಿತು. ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ ಕತ್ತರಿಸಿದ, ಮೊಸಳೆ ಕೆಮ್ಮಿದಂತಾಯಿತು. ಸುಸ್ತಾಗಿ ಕೂತು, ಕೊರಳಿನಲ್ಲಿ ನೇತಾಡುತ್ತಿದ್ದ ಕಾರ್ಖಾನೆಯ ಗುರುತಿನ ಕಾರ್ಡನ್ನು ಬೆರಳಲ್ಲಿ ಬಾಗಿಸುತ್ತ ಯೋಚಿಸತೊಡಗಿದ. ಬಾಗಿಸುತ್ತಾ ಬಾಗಿಸುತ್ತಾ ಅವನ ಬೆರಳು ಒಂದು ಕಡೆ ನಿಂತಿತು. ಹೆಸರಿದ್ದ ಕಡೆ ಕಾರ್ಡು ಮೆದು, ಅಂಚಿನಲ್ಲಿ ಇನ್ನೂ ಮೆದು. ಆದರೆ ಫೋಟೋ ಇದ್ದ ಕಡೆ ಬೇರೆ. ಮೊದಲ ಫೋಟೋ ಮಾಸಿದ್ದಕ್ಕೆ ಅದರ ಮೇಲೇ ಇನ್ನೊಂದು ಅಂಟಿಸಿ ಮತ್ತೊಂದು ಸಲ ಲ್ಯಾಮಿನೇಷನ್ ಮಾಡಿದ್ದರು. ಅಲ್ಲಿ ಬಾಗುತ್ತಿತ್ತು, ಆದರೆ ಬಾಗಿಯೇ ಉಳಿಯುತ್ತಿರಲಿಲ್ಲ. ಒತ್ತಿದರೆ ಒಪ್ಪಿಕೊಂಡಂತೆ ಮಾಡಿ, ಬಿಟ್ಟೊಡನೆ ತಟ್ಟನೆ ನೆಟ್ಟಗಾಗುತ್ತಿತ್ತು.

ಕೂತಣ್ಣ ಹೆಂಡತಿಯ ಕತ್ತರಿ ತೆಗೆದುಕೊಂಡು ತನ್ನ ಮುಖವನ್ನು ಕತ್ತರಿಸಿಕೊಂಡ.

ಎರಡು ಕಿವಿ ಎರಡು ಮೂಲೆ, ಗಲ್ಲ ಮೂರನೇ ಮೂಲೆ. ಬಾಸ್ ಎತ್ತಿಕೊಂಡು, ಪುಟ್ಟ ಸ್ಪೀಕರ್ ಡಬ್ಬಿಗೆ ಸಿಕ್ಕಿಸಿ, ಗಲ್ಲದಿಂದ ತಂತಿಗೆ ಒಂದು ಪೆಟ್ಟು ಕೊಟ್ಟ.

"ರೀ, ಬಾಗಿಲು ತಟ್ಟಿದ್ದು ಯಾರು ನೋಡಿ!" ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಳು.

ಕೂತಣ್ಣನ ಕಣ್ಣು ತುಂಬಿ ಬಂತು. ಅವಳಿಗೆ ಕೇಳಿಸಿತ್ತು.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಎಂದಿನ ಸಾಲು. ನಮ್ಮ ಗೇಟಿನವರು ನಿಯಮದ ಮನುಷ್ಯ. ಕಾರ್ಡಿನ ಮುಖವೂ ಬಂದವನ ಮುಖವೂ ಹೊಂದಬೇಕು, ಹೊಂದದಿದ್ದರೆ ಸ್ವಂತ ತಮ್ಮನನ್ನೂ ಒಳಗೆ ಬಿಡುವವರಲ್ಲ. ತಮ್ಮ ಇಲ್ಲೇ ಕೆಲಸ ಮಾಡುತ್ತಾನೆ, ಗಡ್ಡ ಬಿಟ್ಟ ಕಾಲಕ್ಕೆ ಅವನನ್ನು ನಿಜವಾಗಿಯೂ ವಾಪಸ್ ಕಳಿಸಿದ್ದರು.

"ಕಾರ್ಡು."

ಕೂತಣ್ಣ ತೋರಿಸಿದ.

"ಮುಖ ಎಲ್ಲಿ?"

"ಜೇಬಲ್ಲಿದೆ ಸಾರ್."

"ಜೇಬಲ್ಲಿರೋ ಮುಖ ಕಟ್ಕೊಂಡು ನಾನೇನು ಮಾಡ್ಲಿ? ಕಾರ್ಡಲ್ಲಿ ಮುಖ ಇರ್ಬೇಕು. ನಿಯಮ."

ಹಿಂದಿನ ಸಾಲು ಗೊಣಗತೊಡಗಿತು. ಸೈರನ್ ಕೂಗುವ ಹೊತ್ತು. ಕೂತಣ್ಣ ಕಾರ್ಡನ್ನು ಎತ್ತಿ ಮುಖಕ್ಕೆ ಹಿಡಿದುಕೊಂಡ. ಮೂರು ಮೂಲೆಯ ತೂತಿನಲ್ಲಿ ಒಂದು ಮೂಗು, ಒಂದೂವರೆ ಕಣ್ಣು ಕಾಣಿಸಿದವು.

ಗೇಟಿನವರು ಬಗ್ಗಿ ಕಾರ್ಡಿನಲ್ಲಿದ್ದ ಮುಖವನ್ನು ನೋಡಿದರು. ನೆಟ್ಟಗಾಗಿ ಕಾರ್ಡಿನ ಹಿಂದಿದ್ದ ಮನುಷ್ಯನನ್ನು ನೋಡಿದರು. ಮತ್ತೆ ಬಗ್ಗಿದರು.

"ಹೂಂ. ಹೊಂದುತ್ತೆ. ಹಳೇ ಫೋಟೋಗಿಂತ ಇದೇ ವಾಸಿ. ಹೋಗು."

ಸಾಲಿನಲ್ಲಿ ಹಿಂದೆಯೇ ನಿಂತಿದ್ದವಳು ಕುಶನ್ ಅಕ್ಕ. ಕುರ್ಚಿಗಳಿಗೆ ಮೆತ್ತೆ ಹೊಲಿಯುವ ವಿಭಾಗದವಳು. ಎಲ್ಲರೂ ಮೆತ್ತಗೆ ಕೂರುವಂತೆ ಮಾಡುವುದೇ ತನ್ನ ಕೆಲಸವಾದರೂ ಯಾರನ್ನೂ ಸುಮ್ಮನೆ ಕೂರಲು ಬಿಡುವವಳಲ್ಲ. ಬೆಂಚು ಹೋದ ದಿನವೇ ಮ್ಯಾನೇಜರ ಕೋಣೆಗೆ ನುಗ್ಗಿ, "ದಿನಾ ನಿಂತು ಹೊಲೀತೀವಿ, ಉಣ್ಣೋದೂ ನಿಂತ್ಕೊಂಡೇನಾ?" ಎಂದು ಕೇಳಿ, "ನೋಡೋಣ" ಎಂಬ ಉತ್ತರ ಪಡೆದು ಬಂದಿದ್ದಳು. ನೋಡೋಣ ಎಂಬುದು ನಮ್ಮಲ್ಲಿ ಇಲ್ಲ ಎಂಬುದರ ಅಧಿಕೃತ ರೂಪ. ಅಂದಿನಿಂದ ಅವಳು ಒಂದು ದಾರಿ ಹುಡುಕುತ್ತಿದ್ದಳು. ಈಗ ಅವಳ ಕಣ್ಣೆದುರೇ ಒಬ್ಬ ಮನುಷ್ಯ ತನ್ನ ಮುಖವನ್ನು ಕಂಪನಿಯ ಕಾರ್ಡಿನಿಂದ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡು ಗೇಟು ದಾಟಿದ್ದ.

ಮಧ್ಯಾಹ್ನ ಗೋಡೆಗೆ ಒರಗಿ ಉಣ್ಣುತ್ತಿದ್ದ ಅವನ ಪಕ್ಕಕ್ಕೆ ಬಂದು ನಿಂತಳು.

"ಕೂತಣ್ಣ, ನಿಜ ಹೇಳು. ಯಾಕೆ ಕತ್ತರಿಸ್ದೆ?"

"ಎಷ್ಟು ದಿನ ಅಂತ ಹೀಗೇ ಇರೋದು ಅಕ್ಕಾ?" ಕೂತಣ್ಣನ ಬಾಯಿತುಂಬ ಅನ್ನ, ಎದೆತುಂಬ ಅತ್ತೆ. "ಇದ್ದೀನಿ ಅಂತಾನೇ ಯಾರಿಗೂ ಗೊತ್ತಾಗಲ್ಲ. ಈಗ ಮಾಲೀಕರು ಬರೋ ದಿನ ನೋಡು, ಎಲ್ಲರಿಗೂ ಕೇಳಿಸುತ್ತೆ."

ಅಕ್ಕ ಅವನ ಭುಜ ಒತ್ತಿ ಹೊರಟುಹೋದಳು. ಅಂದು ಸಂಜೆ ಕುಶನ್ ವಿಭಾಗದ ದೊಡ್ಡ ಕತ್ತರಿಗಳಿಗೆ ಬಿಡುವಿರಲಿಲ್ಲ.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಕುಶನ್ ವಿಭಾಗ ಪೂರ್ತಿ ಕಾರ್ಡು ಮುಖಕ್ಕೆ ಹಿಡಿದು ಬಂತು. ಅದರ ಮರುದಿನ ಮರ ಕೊಯ್ಯುವವರು, ಬಣ್ಣದವರು, ಪ್ಯಾಕಿಂಗಿನವರು. ಗೇಟಿನವರು ಒಂದೊಂದೇ ತೂತಿನೊಳಗೆ ಬಗ್ಗಿ ನೋಡಿ, "ಹೊಂದುತ್ತೆ, ಹೊಂದುತ್ತೆ, ಇದು ಸ್ವಲ್ಪ ಪಕ್ಕಕ್ಕೆ, ಹಾಂ, ಹೊಂದುತ್ತೆ," ಎಂದು ಬೆವರಿಳಿಸುತ್ತ ಕರ್ತವ್ಯ ಮಾಡಿದರು. ಅವರ ತಮ್ಮ ಗಡ್ಡ ಬಿಟ್ಟುಕೊಂಡೇ ನಿಶ್ಚಿಂತೆಯಿಂದ ಒಳಗೆ ಹೋದ.

ಇದನ್ನು ಕಂಡು ಕೂತಣ್ಣನಿಗಾದ ಸಂತೋಷ ಅಷ್ಟಿಷ್ಟಲ್ಲ. ಕಾರ್ಖಾನೆಗೆ ಕಾರ್ಖಾನೆಯೇ ಬಾಸ್ ಗಿಟಾರಿಗೆ ಒಲಿದಿದೆ ಎಂದು ಅವನು ತಿಳಿದ. ಊಟದ ಹೊತ್ತಿನಲ್ಲಿ ಒಬ್ಬೊಬ್ಬರ ಹತ್ತಿರ ಹೋಗಿ ಅವರವರ ಮುಖ ಈಸಿಕೊಂಡು ಬಾಗಿಸಿ ನೋಡಿದ.

"ನಿಂದು ಅಂಚು ಒರಟಾಗಿದೆ ಕಣೋ. ಮರಳು ಕಾಗದದಲ್ಲಿ ಉಜ್ಜು. ಗಲ್ಲ ಸ್ವಲ್ಪ ದುಂಡಗಾಗ್ಲಿ."

"ಯಾಕಣ್ಣ?"

"ಚೂಪಾಗಿದ್ರೆ ಪೆಟ್ಟು ಹೆಚ್ಚಾಗುತ್ತೆ, ಕಿರ್ ಅನ್ನುತ್ತೆ. ನಮಗೆ ಕಿರಿಚಾಟ ಬೇಡ. ಕೆಳಗಿಂದ ಬರ್ಬೇಕು, ಗಟ್ಟಿಯಾಗಿ ಬರ್ಬೇಕು."

"ನೋಡಿದ್ಯಾ," ಎಂದಳು ಅಕ್ಕ ಪಕ್ಕದವಳಿಗೆ, "ಎಷ್ಟು ಆಳದ ಮನುಷ್ಯ! ನಾವು ಕೂತಣ್ಣ ಅಂದ್ರೆ ಬರೀ ಕೂರೋನು ಅಂದ್ಕೊಂಡಿದ್ವಿ."

ಸಂಜೆ ಕೂತಣ್ಣ ಪೇಂಟರನ್ನು ಹಿಡಿದುಕೊಂಡು ಚಿಂತೆಯಿಂದ ಕೇಳಿದ. "ಇಷ್ಟು ಜನ ಬಾಸಿಗೇ ಬಂದ್ರೆ ಡ್ರಮ್ಮು ಬಾರಿಸೋರು ಯಾರು?" ತನ್ನ ಕಾರ್ಡನ್ನೂ ಆಗಲೇ ಕತ್ತರಿಸಿಕೊಂಡಿದ್ದ ಪೇಂಟರು ಅವನ ಹೆಗಲ ಮೇಲೆ ಕೈ ಹಾಕಿ, "ಗುಟ್ಟು ಕಾಪಾಡೋದ್ರಲ್ಲಿ ನಿನ್ನ ಮೀರ್ಸೋರಿಲ್ಲ ಮಾರಾಯ," ಎಂದ.

ಇಷ್ಟಾದ ಮೇಲೆ ಮೇಲಿನವರಿಗೆ ಸುದ್ದಿ ಮುಟ್ಟದೆ ಇರುತ್ತದೆಯೆ? ಸಿಬ್ಬಂದಿ ಅಧಿಕಾರಿ ಏದುಸಿರು ಬಿಡುತ್ತ ಮ್ಯಾನೇಜರ ಕೋಣೆಗೆ ಓಡಿದರು.

"ಸಾರ್, ಕಾರ್ಖಾನೇಲಿ ಯಾರಿಗೂ ಮುಖ ಇಲ್ಲ ಸಾರ್!"

ಮ್ಯಾನೇಜರು ಕೂತಣ್ಣನನ್ನು ಕರೆಸಿದರು. ದೊಡ್ಡ ಮೇಜಿನ ಆ ಕಡೆ ತಾವು, ಈ ಕಡೆ ಅಧಿಕಾರಿ, ನಡುವೆ ಒಂದು ಖಾಲಿ ಕುರ್ಚಿ.

"ಕೂತ್ಕೊಳ್ಳಯ್ಯ."

ಕೂತಣ್ಣನಿಗೆ ಕೂತ್ಕೋ ಎಂದರೆ ಕೆಲಸ ಶುರು ಎಂದೇ ಅರ್ಥ. ಎಡಕ್ಕೆ ವಾಲಿದ, ಬಲಕ್ಕೆ ವಾಲಿದ, ಹಿಂದಕ್ಕೆ ಒರಗಿ ಕಣ್ಣುಮುಚ್ಚಿದ. ಈ ಧೈರ್ಯ ನೋಡಿ ಮ್ಯಾನೇಜರು ಅಧಿಕಾರಿಯ ಮುಖ ನೋಡಿದರು.

"ಇದನ್ನೆಲ್ಲ ನಿನಗೆ ಹೇಳಿಕೊಟ್ಟಿದ್ದು ಯಾರು?"

"ಪೇಂಟರ್ ಸಾರ್. ಪೆಟ್ಟು ಬೀಳ್ಬೇಕು ಅಂದ."

"ಪೆಟ್ಟು!" ಅಧಿಕಾರಿ ಎದೆ ಹಿಡಿದುಕೊಂಡರು.

"ಎಷ್ಟು ಜನ ಇದ್ದೀರಿ?"

"ಮೊದಲು ನಾವು ನಾಲ್ಕೇ ಜನ ಸಾರ್. ಈಗ ಎಲ್ಲಾ ಕಡೆಯಿಂದ್ಲೂ ಸೇರ್ತಿದ್ದಾರೆ. ನಂಗೇ ಹೆದರಿಕೆ ಆಗೋಗಿದೆ, ಇಷ್ಟು ಜನಾನ ವೇದಿಕೆ ಮೇಲೆ ಹೇಗೆ ಹತ್ತಿಸೋದು ಅಂತ."

"ಯಾವ ವೇದಿಕೆ?"

"ವಾರ್ಷಿಕೋತ್ಸವದ್ದು ಸಾರ್. ಮಾಲೀಕರು ಬಂದು ಕೂತ ತಕ್ಷಣ ಶುರು ಮಾಡ್ತೀವಿ."

ಮ್ಯಾನೇಜರು ನೀರು ಕುಡಿದರು. "ಮಾಲೀಕರ ಎದುರಿಗೇ?"

"ಅವರಿಗೂ ಕೇಳಿಸ್ಬೇಕಲ್ಲ ಸಾರ್."

"ಅಲ್ಲಯ್ಯಾ, ನಾಲ್ಕು ಬೆಂಚಿಗೋಸ್ಕರ ಇಷ್ಟೆಲ್ಲ ಬೇಕಾ?"

ಕೂತಣ್ಣ ಪ್ರಾಮಾಣಿಕವಾಗಿ ಕಣ್ಣರಳಿಸಿದ. "ಯಾವ ಬೆಂಚು ಸಾರ್?"

ಮ್ಯಾನೇಜರ ಅನುಭವ ದೊಡ್ಡದು. ಬೇಡಿಕೆ ಮುಂದಿಟ್ಟು ಕೂಗಾಡುವ ನಾಯಕರನ್ನು ಕಂಡಿದ್ದರು, ಅಳುವವರನ್ನು ಕಂಡಿದ್ದರು, ಕೊನೆಗೆ ಒಳಗೊಳಗೇ ರಾಜಿಯಾಗುವವರನ್ನೂ ಕಂಡಿದ್ದರು. ಬೇಡಿಕೆ ಏನೆಂಬುದೇ ಗೊತ್ತಿಲ್ಲದಂತೆ ಮುಖ ಮಾಡುವ ನಾಯಕನನ್ನು ಇದೇ ಮೊದಲು ಕಂಡದ್ದು. ಇಂಥವನ ಹತ್ತಿರ ಚೌಕಾಸಿ ಮಾಡುವುದಾದರೂ ಯಾವುದರಲ್ಲಿ?

"ಹೋಗು," ಎಂದರು ಸೋತ ದನಿಯಲ್ಲಿ. ಕೂತಣ್ಣ ಏಳುತ್ತ, ಅಭ್ಯಾಸಬಲದಿಂದ ಕುರ್ಚಿಯನ್ನು ತೋರಿಸಿ "ಅಲುಗಾಟ" ಎಂದು ಹೇಳಿ ನಮಸ್ಕಾರ ಮಾಡಿ ಹೊರಗೆ ಬಂದ.

ಬಾಗಿಲು ಮುಚ್ಚಿದ ಮೇಲೆ ಸಿಬ್ಬಂದಿ ಅಧಿಕಾರಿಯ ಬುದ್ಧಿ ಚುರುಕಾಯಿತು. "ಸಾರ್, ಬೆಂಚು ವಾಪಸ್ ಹಾಕ್ಸೋಣ. ಹೇಗೂ ಅವತ್ತು ಜನ ಕೂರೋಕೆ ಬೇಕಲ್ಲ? ಮಾಲೀಕರು ನೋಡ್ಕೊಂಡು ಖುಷಿಯಾಗಿ ಕಾರು ಹತ್ಲಿ. ಕಾರು ಗೇಟು ದಾಟಿದ ತಕ್ಷಣ ಮತ್ತೆ ಗೋದಾಮಿಗೆ." ಮ್ಯಾನೇಜರು ಮೆಚ್ಚಿ, ಇಂಥ ಅಧಿಕಾರಿಗಳಿಂದಲೇ ಕಾರ್ಖಾನೆ ನಡೆಯುತ್ತಿರುವುದು ಎಂದರು. ಅದನ್ನು ಕುರ್ಚಿ ಮಾಡುವವರು ಕೇಳಿಸಿಕೊಂಡಿದ್ದರೆ ಚೆನ್ನಾಗಿತ್ತು.

ವಾರ್ಷಿಕೋತ್ಸವದ ದಿನ ಊಟದ ಕೋಣೆಗೆ ಬೆಂಚುಗಳು ಬಂದವು. ಕುಶನ್ ಅಕ್ಕ ಗೆದ್ದವಳಂತೆ ಮೊದಲ ಬೆಂಚನ್ನು ಸೆರಗಿನಿಂದ ಒರೆಸಿದಳು. ಬೆಂಚಿಗೆ ಬೆಂಚು ತಾಗಿಸಿ ಗೋಡೆಯಿಂದ ಗೋಡೆಯವರೆಗೆ ಹಾಕಿದರು. ಕೆಲಸದವರೆಲ್ಲ ಮನೆಮಂದಿಯ ಸಮೇತ ಕೂತರು. ಕೂತು ಹಾಗೇ ಒಂದು ಉಸಿರು ಬಿಟ್ಟರು, ಕೋಣೆಗೆ ಕೋಣೆಯೇ ಉಸಿರು ಬಿಟ್ಟಂತಾಯಿತು. ಕೂತಣ್ಣನ ಅತ್ತೆ, ಹೆಂಡತಿ, ಭಾಮೈದ ನಡುವಿನ ಸಾಲಿನಲ್ಲಿದ್ದರು. ಮಾಲೀಕರಿಗೆ ಮುಂದೆ ಬೇರೆಯಾಗಿ ನಮ್ಮದೇ ಕಾರ್ಖಾನೆಯ ದೊಡ್ಡ ಕುರ್ಚಿ. ವೇದಿಕೆ ಎಂದರೆ ಒಂದು ತುದಿಯ ಜಾಗ, ಅಷ್ಟೇ. ಕೂತಣ್ಣನ ಬಾಸಿನ ವೈರು ಸ್ಪೀಕರ್ ಡಬ್ಬಿಯವರೆಗೆ ಸಾಲದಾಯಿತು. ಅದಕ್ಕೆ ಡಬ್ಬಿಯನ್ನು ಎತ್ತಿ ಮೊದಲ ಬೆಂಚಿನ ತುದಿಯಲ್ಲೇ ಇಟ್ಟು, ತಾನೂ ಅದರ ಪಕ್ಕ ಕೂತ. ಆ ಬೆಂಚುಗಳ ಮೇಲೆ ಅವನು ಕೂತದ್ದು ಅದೇ ಮೊದಲು.

ಪೇಂಟರು ತಲೆಯಾಡಿಸಿದ. ಡ್ರಮ್ಮು ಶುರುವಾಯಿತು. ಕೂತಣ್ಣ ಜೇಬಿನಿಂದ ತನ್ನ ಮುಖ ತೆಗೆದು, ಗಲ್ಲ ಕೆಳಗೆ ಮಾಡಿ, ದಪ್ಪ ತಂತಿಗೆ ಒಂದು ಬಿಟ್ಟ.

ಗುಂಯ್!

ಡಬ್ಬಿಯಿಂದ ಬೆಂಚಿಗೆ, ಬೆಂಚಿನಿಂದ ಬೆಂಚಿಗೆ, ಮರದಿಂದ ಮರಕ್ಕೆ ಹಾಯ್ದು ಆ ದನಿ ಗೋಡೆಯವರೆಗೆ ಹೋಗಿ ವಾಪಸ್ ಬಂತು. ಯಾರ ಕಿವಿಗೂ ಮೊದಲು ತಲುಪಲಿಲ್ಲ. ಎಲ್ಲರಿಗೂ ಕೂತ ಕಡೆಯಿಂದ ಬೆನ್ನಿಗೆ ಏರಿತು.

"ಅಯ್ಯಯ್ಯೋ!" ಅತ್ತೆ ಅರ್ಧ ಅಡಿ ಮೇಲೆ ಹಾರಿದರು. "ಯಾರೋ ಕೆಳಗಿಂದ ತಟ್ಟಿದ್ರು!"

"ಅದು ಭಾವ ಅಮ್ಮಾ!"

"ಅಳಿಯಂದ್ರಾ?" ಅತ್ತೆ ಮೆಲ್ಲಗೆ ಮತ್ತೆ ಕೂತು, ಎರಡು ಅಂಗೈಗಳನ್ನೂ ಬೆಂಚಿಗೆ ಒತ್ತಿಕೊಂಡರು. ಗುಂಯ್, ಗುಂಯ್, ಗುಂಗುಂಯ್. ಅವರ ಮುಖದ ಮೇಲೆ ಮದುವೆಯಾದಾಗಿನಿಂದ ಕೂತಣ್ಣ ಕಾಣದಿದ್ದ ಒಂದು ಬೆಳಕು ಬಂತು. "ಇದೇನೇ ಇದು, ನನ್ನ ಸೊಂಟನೋವೆಲ್ಲ ಕರಗಿ ಹೋಗ್ತಿದೆ! ನಿನ್ನ ಗಂಡ ಇಷ್ಟು ದಿನ ಇದನ್ನ ಯಾಕೆ ಬಚ್ಚಿಟ್ಟಿದ್ದ?"

"ನಂಗೇನಮ್ಮ ಗೊತ್ತು," ಎಂದಳು ಹೆಂಡತಿ. ಅವಳ ಕಾಲು ಆಗಲೇ ತಾಳ ಹಾಕುತ್ತಿತ್ತು.

ಸಾಲಿಗೆ ಸಾಲೇ ತೂಗತೊಡಗಿತು. ಗೇಟಿನವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಮುಂದೆ ಒಂಟಿ ಕುರ್ಚಿಯಲ್ಲಿದ್ದ ಮಾಲೀಕರಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಹಿಂದೆ ತಿರುಗಿ ನೋಡುತ್ತಾರೆ, ಎಲ್ಲರೂ ಒಂದೇ ಲಯದಲ್ಲಿ ನಗುತ್ತಿದ್ದಾರೆ. ಎರಡನೇ ಹಾಡಿಗೆ ತಡೆಯಲಾಗದೆ ಎದ್ದು ಬಂದು, "ಸ್ವಲ್ಪ ಸರೀರಿ," ಎಂದು ಕುಶನ್ ಅಕ್ಕನ ಬೆಂಚಿನ ತುದಿಗೆ ಕೂತರು. ಕೂತವರು, "ಓಹೋಹೋ!" ಎಂದರು. ಕೊನೆಯ ಹಾಡಿನವರೆಗೂ ಏಳಲಿಲ್ಲ. ಹೊರಡುವಾಗ ಮ್ಯಾನೇಜರ ಕೈ ಕುಲುಕಿ, "ಎಷ್ಟು ಚೆನ್ನಾಗಿ ಇಟ್ಟಿದ್ದೀರ್ರೀ ಜನಾನ," ಎಂದು ಕಾರು ಹತ್ತಿದರು.

ಕಾರು ಗೇಟು ದಾಟಿತು. ಮ್ಯಾನೇಜರು ನಗು ಒರೆಸಿಕೊಂಡು ಒಳಗೆ ಬಂದರು.

"ಸರಿ, ಎಲ್ಲ ಎದ್ದೇಳಿ. ಬೆಂಚು ಗೋದಾಮಿಗೆ ಹೋಗ್ಬೇಕು."

ಹೇಳಿದೊಡನೆ ಏಳುವುದು ಮೈಗೆ ಹತ್ತಿದ ಅಭ್ಯಾಸ. ಜನ ಒಬ್ಬರ ಮುಖ ಒಬ್ಬರು ನೋಡುತ್ತ ಅರ್ಧ ಎದ್ದರು. ಕುಶನ್ ಅಕ್ಕನ ಕಣ್ಣು ಕೆಂಪಾಯಿತು.

"ಅಕ್ಕ," ಕೂತಣ್ಣ ಪಿಸುಗುಟ್ಟಿದ, "ಬೆಂಚು ಯಾಕೆ ತಗೊಂಡು ಹೋಗ್ತಾರೆ?"

"ಯಾಕೆ ಅಂದ್ರೆ? ಮೊದಲೂ ತಗೊಂಡು ಹೋಗಿದ್ರಲ್ಲೋ! ಅದಕ್ಕೇ ಅಲ್ವಾ ನೀನು ಕಾರ್ಡು ಕತ್ತರಿಸಿದ್ದು?"

"ಅಲ್ಲಕ್ಕ. ಇದು ಪಿಕ್ಕು. ಅತ್ತೆಗೆ ಕೇಳಿಸ್ಲಿ ಅಂತ."

ಅಕ್ಕ ಅವನ ಕೈಯಲ್ಲಿದ್ದ ಮೂರು ಮೂಲೆಯ ಮುಖವನ್ನು ನೋಡಿದಳು, ಆಮೇಲೆ ಅವನ ಮುಖವನ್ನು ನೋಡಿದಳು. ಕೂತಣ್ಣ ಸುತ್ತಲೂ ನೋಡಿದ. ಬಾಸ್ ಕಲಿಯಲು ಬಂದವರೆಂದು ತಾನು ತಿಳಿದಿದ್ದವರೆಲ್ಲ ಅರ್ಧ ಎದ್ದು, ಅರ್ಧ ಬಗ್ಗಿ, ನೂರು ಅಲುಗಾಡುವ ಕುರ್ಚಿಗಳಂತೆ ನಿಂತಿದ್ದರು. ಇಷ್ಟು ದಿನ ಅವರು ಗೋಡೆಗೆ ಒರಗಿ ಉಂಡದ್ದು ನಿಲ್ಲುವ ಆಸೆಯಿಂದಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ತಡವಾಗಿ ಹೊಳೆಯಿತು, ಆದರೆ ಚೆನ್ನಾಗಿ ಹೊಳೆಯಿತು.

ನಡುವಿನ ಸಾಲಿನಿಂದ ಅತ್ತೆಯ ದನಿ ಬಂತು. "ಅಳಿಯಂದ್ರೇ, ಏನು ನಿಲ್ಲಿಸಿಬಿಟ್ರಿ? ಇನ್ನೊಂದ್ಸಲ ತಟ್ಟಿ!"

"ಏನಯ್ಯಾ, ನಿನಗೇ ಹೇಳ್ತಿರೋದು." ಮ್ಯಾನೇಜರು ಬಂದು ಎದುರಿಗೇ ನಿಂತರು. "ದಿನವಿಡೀ ಕೂರೋಕೇ ನಿನಗೆ ಸಂಬಳ ಕೊಡ್ತೀವಿ. ಇನ್ನೂ ಸಾಲ್ದಾ? ಏಳು ಮೇಲೆ!"

ಕೂತಣ್ಣ ಎಡಕ್ಕೆ ವಾಲಿದ. ಬಲಕ್ಕೆ ವಾಲಿದ. ಕಣ್ಣುಮುಚ್ಚಿ, ಬೆಂಚಿನ ಕಾಲುಗಳೆಲ್ಲ ನೆಲಕ್ಕೆ ತಾಗಿವೆಯೇ ಎಂದು ನಿಧಾನವಾಗಿ ತಿಳಿದುಕೊಂಡ.

"ಸರಿ!" ಎಂದು ಇಡೀ ಕೋಣೆಗೆ ಕೇಳುವಂತೆ ಕೂಗಿದ.

ಅರ್ಧ ಎದ್ದಿದ್ದವರೆಲ್ಲ ದಡಕ್ಕನೆ ಕೂತರು.

ಕೂತಣ್ಣ ತನ್ನ ಮುಖವನ್ನು ಎರಡು ಬೆರಳ ನಡುವೆ ಬಿಗಿಯಾಗಿ ಹಿಡಿದು, ದಪ್ಪ ತಂತಿಯ ಮೇಲೆ ಎತ್ತಿ, ಮ್ಯಾನೇಜರತ್ತ ನೋಡಿದ.

"ಏಳಲ್ಲ ಸಾರ್."